ಬ್ರಿಟನ್ನಿನ ಮನೆತನಗಳ ಛಾಯಾಚಿತ್ರಗಳಲ್ಲಿ ಮೋಟಾರು ಬಂಡಿಗಳು: ಕಾಲನಿರ್ಣಯ ವಿಚಾರ

ಒಂದು ಕಾವ್ಯದಲ್ಲಿ ಪೂರ್ವಕವಿಯೊಬ್ಬನ ಸ್ಮರಣೆಯಿದ್ದರೆ ಆ ಕಾವ್ಯವು ಅವನಿಗಿಂತ ಈಚಿನದೆಂದು ನಿಶ್ಚಯಿಸುವುದು ವಿದ್ವಾಂಸರೆಲ್ಲರಿಗೂ ಸಮ್ಮತವಾದ ಮಾರ್ಗವಷ್ಟೆ. ಎಷ್ಟು ಈಚಿನದೆಂಬುದನ್ನು ಮಾತ್ರ ಆ ಸ್ಮರಣೆಯೊಂದೇ ಹೇಳಲಾರದು. ಬ್ರಿಟನ್ ದೇಶದಲ್ಲಿ ಹಳೆಯ ಮೋಟಾರು ಬಂಡಿಗಳ ಚರಿತ್ರೆಯಲ್ಲಿ ಆಸಕ್ತರಾದವರು ಕೈಗೊಂಡಿರುವ ಒಂದು ಶೋಧನಕಾರ್ಯವು ಇದೇ ನ್ಯಾಯಕ್ಕೆ ಒಳಪಟ್ಟದ್ದು. ಅಲ್ಲಿಯ ಮನೆಗಳ ಪೆಟ್ಟಿಗೆಗಳಲ್ಲಿ ತಾರೀಖಾಗಲಿ ಹೆಸರಾಗಲಿ ಇಲ್ಲದ ಅಸಂಖ್ಯಾತ ಛಾಯಾಚಿತ್ರಗಳು ಉಳಿದುಬಂದಿವೆ. ಅವುಗಳಲ್ಲಿ ಅನೇಕದರಲ್ಲಿ ಕುಟುಂಬದವರ ಹಿಂದೆ ಒಂದು ಬಂಡಿ ನಿಂತಿರುತ್ತದೆ. ಆ ಬಂಡಿ ಯಾವುದು, ಯಾವ ವರ್ಷದ್ದು ಎಂದು ಗೊತ್ತುಮಾಡಿ, ಅದರ ಮೂಲಕ ಪಟದ ಕಾಲವನ್ನೂ, ಪಟದ ಕಾಲದ ಮೂಲಕ ಅದರಲ್ಲಿರುವ ಜನರನ್ನೂ ಗುರುತಿಸಬೇಕೆಂಬುದು ಈ ಆಸಕ್ತರ ಉದ್ದೇಶವು. ಬಂಡಿಯಿಂದ ದೊರೆಯುವುದು ಪಟದ ಪೂರ್ವಾವಧಿ ಮಾತ್ರವೆಂಬುದನ್ನೂ, ಉತ್ತರಾವಧಿಯನ್ನು ಬೇರೆ ಪ್ರಮಾಣಗಳಿಂದ ಹುಡುಕಬೇಕೆಂಬುದನ್ನೂ ಮರೆತಾಗಲೇ ಈ ಕಾರ್ಯದಲ್ಲಿ ಪ್ರಮಾದಗಳು ಹುಟ್ಟುತ್ತವೆ.

ಮೊದಲನೆಯ ಪ್ರಮಾಣವು ಬಂಡಿಯ ನಂಬರು ಹಲಗೆ. 1903ರ ಮೋಟಾರು ಬಂಡಿಗಳ ಕಾಯಿದೆಯ ಪ್ರಕಾರ 1904ನೆಯ ಜನವರಿ 1ರಿಂದ ಪ್ರತಿಯೊಂದು ಬಂಡಿಯೂ ನಂಬರನ್ನು ಧರಿಸಬೇಕಾಯಿತು. ಪ್ರತಿಯೊಂದು ಜಿಲ್ಲೆಯ ಅಥವಾ ದೊಡ್ಡ ನಗರದ ಆಡಳಿತಮಂಡಲಿಗೂ ಒಂದೋ ಎರಡೋ ಅಕ್ಷರಗಳು ಹಂಚಲ್ಪಟ್ಟವು. 'ಎ' ಎಂಬುದು ಲಂಡನ್ನಿಗೆ, 'ಡಿ' ಎಂಬುದು ಕೆಂಟ್ ಪ್ರಾಂತಕ್ಕೆ, 'ಕೆ' ಎಂಬುದು ಲಿವರ್‌ಪೂಲಿಗೆ, 'ಓ' ಎಂಬುದು ಬರ್ಮಿಂಗ್‌ಹ್ಯಾಮಿಗೆ, 'ಎಫ್‌ಸಿ' ಎಂಬುದು ಆಕ್ಸ್‌ಫರ್ಡ್ ನಗರಕ್ಕೆ ಸಂದವು. ಅಕ್ಷರಗಳ ಮುಂದೆ 1ರಿಂದ 9999ರ ವರೆಗೆ ಅಂಕಿಗಳು. ಇವು ಮುಗಿಯುತ್ತ ಬರಲು, 1932ರಲ್ಲಿ ಸ್ಟಾಫರ್ಡ್‌ಷೈರ್ ಪ್ರಾಂತವು ಮೊದಲಾಗಿ ಮೂರಕ್ಷರಗಳ ಪದ್ಧತಿಯು ಬಳಕೆಗೆ ಬಂದಿತು. ಆದುದರಿಂದ ಪಟದಲ್ಲಿ ಮೂರು ಅಕ್ಷರಗಳ ಹಲಗೆ ಕಂಡರೆ ಅದು 1932ಕ್ಕಿಂತ ಹಿಂದಿನದಲ್ಲವೆಂಬುದು ನಿಸ್ಸಂಶಯವು. 1963ರಿಂದ ಕೆಲವು ಪ್ರಾಂತಗಳಲ್ಲಿಯೂ 1965ರಿಂದ ಎಲ್ಲೆಡೆಯಲ್ಲಿಯೂ ನಂಬರಿನ ಕೊನೆಗೆ ವರ್ಷಸೂಚಕವಾದ ಒಂದು ಅಕ್ಷರವು ಸೇರಿತು. 1963ಕ್ಕೆ 'ಎ', 1964ಕ್ಕೆ 'ಬಿ', ಹೀಗೆ ಮುಂದುವರಿದು 1967ರಲ್ಲಿ 'ಇ' ಎಂಬ ಅಕ್ಷರವು ಜುಲೈಯವರೆಗೆ ಮಾತ್ರ ನಡೆದು, ಆಗಸ್ಟಿನಿಂದ 'ಎಫ್' ಆರಂಭವಾಯಿತು. ಅಲ್ಲಿಂದ 1998ರ ವರೆಗೆ ಅಕ್ಷರವರ್ಷದ ಆದಿಯು ಆಗಸ್ಟಿನಲ್ಲಿಯೇ ಇದ್ದಿತು. ಶಕವರ್ಷ, ಸಂವತ್ಸರಗಳನ್ನು ಕೆತ್ತಿದ ಶಾಸನವನ್ನು ಓದುವಂತೆ ಈ ಕಾಲದ ಹಲಗೆಗಳನ್ನು ಓದಬಹುದು. ಕಷ್ಟವಿರುವುದು ಅದಕ್ಕೂ ಹಿಂದಿನ ಅರವತ್ತು ವರ್ಷಗಳಲ್ಲಿಯೇ.

ಆ ಅರವತ್ತು ವರ್ಷಗಳ ನಂಬರುಗಳಲ್ಲಿ ಊರಿದೆ, ವರ್ಷವಿಲ್ಲ. ಯಾವ ನಂಬರು ಯಾವ ದಿನ ಕೊಡಲ್ಪಟ್ಟಿತೆಂಬುದು ಆಯಾ ಪ್ರಾಂತದ ದಫ್ತರುಗಳಲ್ಲಿತ್ತು. 1974ರಲ್ಲಿ ಈ ಅಧಿಕಾರವೆಲ್ಲವೂ ಪ್ರಾಂತಗಳ ಕೈತಪ್ಪಿ ವೇಲ್ಸಿನ ಸ್ವಾನ್ಸೀ ಪಟ್ಟಣದಲ್ಲಿರುವ ಕೇಂದ್ರ ಕಚೇರಿಗೆ ಸೇರಿದಾಗ, ಹಳೆಯ ದಫ್ತರುಗಳಲ್ಲಿ ಕೆಲವು ದಾಖಲೆಗಳ ಭಂಡಾರಗಳನ್ನು ಸೇರಿದವು. ಮಿಕ್ಕವು ಕಸವೆಂದೆಣಿಸಲ್ಪಟ್ಟು ನಾಶವಾದವು. ಓಲೆಗರಿಗಳನ್ನು ಹೊಳೆಗೆ ಬಿಟ್ಟವರ ಕಥೆಯನ್ನು ಕೇಳಿರುವ ಕನ್ನಡಿಗರಿಗೆ ಇದು ಹೊಸದೆನಿಸಲಾರದು. ದಫ್ತರು ಉಳಿದ ಪ್ರಾಂತದ ಬಂಡಿಗೆ ತಿಂಗಳು ತಾರೀಖುಗಳ ಸಹಿತ ಜನ್ಮಪತ್ರವಿದೆ. ಅಳಿದ ಪ್ರಾಂತದ ಬಂಡಿಗೆ ಹತ್ತಿರದ ನಂಬರುಗಳ ಬಂಡಿಗಳನ್ನು ಕೂಡಿಸಿ ಅನುಮಾನ ಮಾಡುವುದೊಂದೇ ಗತಿ.

ಇಷ್ಟಾಗಿಯೂ ಹಲಗೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1920ರ ರಸ್ತೆಗಳ ಕಾಯಿದೆಯಂತೆ 1921ರ ಆದಿಯಲ್ಲಿ ಪ್ರತಿಯೊಂದು ಬಂಡಿಗೂ ಪ್ರತ್ಯೇಕ ನೋಂದಣಿ ಪುಸ್ತಕವು ಏರ್ಪಡುವುದಕ್ಕೆ ಮುಂಚೆ, ಒಡೆಯನು ಹಳೆಯ ಬಂಡಿಯ ನಂಬರನ್ನು ಹೊಸದಕ್ಕೆ ತಗುಲಿಸಿಕೊಳ್ಳುವುದೂ ನಡೆಯುತ್ತಿತ್ತು. ಈಚೆಗಂತೂ ಚಿಕ್ಕ ನಂಬರುಗಳನ್ನು ಹಣಕೊಟ್ಟು ಕೊಂಡು ಬೇರೆ ಬಂಡಿಗೆ ಹಾಕಿಸುವುದು ಒಂದು ವ್ಯಾಪಾರವೇ ಆಗಿದೆ. ಗಂಗರ ಹೆಸರಿನ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ಮಹಾಶಯರು ಸಾಧಿಸಹೊರಟಾಗ, ಶಾಸನದಲ್ಲಿ ಹೇಳಿದ ಕಾಲವನ್ನು ಬಿಟ್ಟು ಲಿಪಿಯ ಕಾಲವನ್ನು ನೋಡಬೇಕೆಂದು ಹಿಡಿದ ಹಟವು ಇಲ್ಲಿಯೂ ಉಪಯುಕ್ತವು. ಬಂಡಿಯ ಪಾಲಿಗೆ ಲಿಪಿಯೆಂದರೆ ಅದರ ಮೈಕಟ್ಟು.

ಮೈಕಟ್ಟಿನಲ್ಲಿ ಮುಖ್ಯವಾಗಿ ನೋಡತಕ್ಕದ್ದು ಮುಖವನ್ನು. ಆಕ್ಸ್‌ಫರ್ಡಿನ ವಿಲಿಯಂ ಮಾರಿಸನು 1913ರಿಂದ ಮಾಡಿಸಿದ ಬಂಡಿಗಳ ರೇಡಿಯೇಟರು ದುಂಡಾಗಿ ಉಬ್ಬಿದ್ದುದರಿಂದ ಜನರು ಅದಕ್ಕೆ ಗೂಳಿಮೂಗೆಂದು ಹೆಸರಿಟ್ಟರು. 1926ರ ಶರತ್ಕಾಲದಲ್ಲಿ ಈ ಮೂಗು ಹೋಗಿ ಚಪ್ಪಟೆಯಾದ ರೇಡಿಯೇಟರು ಬಂದಿತು. 1921ರಲ್ಲಿ ಮಾರಿಸನು ಬೆಲೆಯನ್ನು ಒಮ್ಮೆಗೇ ನೂರು ಪೌಂಡಿನ ವರೆಗೂ ಇಳಿಸಿದ್ದರಿಂದ ಮಧ್ಯಮ ವರ್ಗದ ಮನೆಗಳ ಪಟಗಳಲ್ಲಿ ಗೂಳಿಮೂಗು ಹೇರಳವಾಗಿ ಕಾಣಿಸುತ್ತದೆ. 1922ರಲ್ಲಿ ಹೊರಟ ಆಸ್ಟಿನ್ ಸೆವೆನ್ ಎಂಬ ಪುಟ್ಟ ಬಂಡಿಯು 1939ರ ವರೆಗೂ ನಡೆದುಬಂದಿತಾದರೂ, 1934ರ ರೂಬಿ ಎಂಬ ಭೇದದಲ್ಲಿ ಅದರ ರೇಡಿಯೇಟರಿಗೆ ಬಣ್ಣದ ಮುಸುಕು ಬಂದಿತು. ಬರಿಯ ರೇಡಿಯೇಟರು ಹೊರಕ್ಕೆ ಕಾಣುವ ರೂಪವು ಹಳೆಯದು. ಮುಂದಿನ ಚಕ್ರಗಳ ಒಳಗೆ ಬ್ರೇಕಿನ ಡೋಲು ಕಂಡರೆ ಸಾಮಾನ್ಯವಾಗಿ 1920ರ ದಶಕದ ನಡುಭಾಗದಿಂದೀಚಿನದೆನ್ನಬಹುದು. ಬಾಗಿಲ ಪಕ್ಕದಿಂದ ಕೈಮರದಂತೆ ಹೊರಚಾಚುವ ದಿಕ್ಸೂಚಕವಿದ್ದರೆ 1930ರ ದಶಕಕ್ಕೆ ಬರಬೇಕು. ಕಲಿಯುವವರು ಕಟ್ಟತಕ್ಕ 'ಎಲ್' ಫಲಕವು 1935ಕ್ಕೆ ಹಿಂದೆ ಇರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ತಯಾರಕರ ವರ್ಷವು ಪಂಚಾಂಗದ ವರ್ಷವಲ್ಲ. ಮುಂದಿನ ವರ್ಷದ ಮಾದರಿಯನ್ನು ಹಿಂದಿನ ಶರತ್ಕಾಲದಲ್ಲಿಯೇ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ತೋರಿಸಿ ಮಾರತೊಡಗುವುದು ಅಲ್ಲಿಯ ವಾಡಿಕೆಯಾಗಿತ್ತು. 1927ರ ಮಾದರಿಯೆಂದು ಪುಸ್ತಕಗಳಲ್ಲಿ ಹೇಳಿದ ಬಂಡಿಯು 1926ರ ಕ್ರಿಸ್‌ಮಸ್ಸಿನ ಪಟದಲ್ಲಿ ನಿಂತಿದ್ದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಒಂದೇ ಹೆಸರಿನೊಳಗೆ ಕಾಲಭೇದಗಳು ಎಷ್ಟು ಸ್ಪಷ್ಟವಾಗಿರಬಹುದೆಂಬುದಕ್ಕೆ ಮಾರಿಸ್ ಮೈನರಿಗಿಂತ ಉತ್ತಮ ನಿದರ್ಶನವಿಲ್ಲ. 1948ರಲ್ಲಿ ಹೊರಬಿದ್ದು 1971ರ ವರೆಗೆ ನಡೆದು, ಹದಿನಾರು ಲಕ್ಷಕ್ಕೆ ಮಿಕ್ಕಿದ ಸಂಖ್ಯೆಯಲ್ಲಿ ತಯಾರಾದ ಬಂಡಿಯಿದು. ಮೊದಲಿನವುಗಳಲ್ಲಿ ಮುಂದೀಪಗಳು ಕೆಳಗೆ ಜಾಲರಿಯ ಎರಡು ಪಕ್ಕಗಳಲ್ಲಿದ್ದುವು. ಅಮೆರಿಕದ ಕಾನೂನಿಗೆ ದೀಪಗಳು ಎತ್ತರದಲ್ಲಿರಬೇಕಾಗಿ, ಅಲ್ಲಿಗೆ ಕಳುಹಿಸುವ ಬಂಡಿಗಳಲ್ಲಿ ಮೊದಲು, ಅನಂತರ 1950–51ರಲ್ಲಿ ಸ್ವದೇಶದವುಗಳಲ್ಲಿಯೂ ಅವು ಮಡ್‌ಗಾರ್ಡುಗಳ ಮೇಲಕ್ಕೇರಿದವು. 1954ರಲ್ಲಿ ಜಾಲರಿಯು ಅಗಲವಾದ ಅಡ್ಡಪಟ್ಟಿಗಳದಾಯಿತು. 1956ರವರೆಗೆ ಮುಂಗಾಜು ನಡುವೆ ಸಂದುಳ್ಳ ಎರಡು ಹಲಗೆಗಳಾಗಿತ್ತು. ಅಲ್ಲಿಂದ ಮುಂದೆ ಬಾಗಿದ ಒಂದೇ ಗಾಜು. 1961ರಲ್ಲಿ ಕೈಮರದ ಸೂಚಕವು ಹೋಗಿ ಮಿನುಗುವ ದೀಪವು ಬಂದಿತು. ಪಟದಲ್ಲಿ ದೀಪವೂ ಜಾಲರಿಯೂ ಗಾಜೂ ಕಂಡುವಾದರೆ ಬಂಡಿಯು ಹುಟ್ಟಿದ ಕಾಲವನ್ನು ಕೆಲವೇ ವರ್ಷಗಳೊಳಗೆ ಅಡಕಮಾಡಬಹುದು.

ಬಂಡಿಯು ಹುಟ್ಟಿದ ಕಾಲವನ್ನು ಎಂದೇ ಹೇಳಬೇಕು. ಪಟದ ಕಾಲವು ಅದಾಗಬೇಕಾದ್ದಿಲ್ಲ. ಹತ್ತು ಹದಿನೈದು ವರ್ಷಗಳ ಹಳೆಯ ಬಂಡಿಯನ್ನು ಮೂರನೆಯ ನಾಲ್ಕನೆಯ ಕೈಯಿಂದ ಕೊಂಡವರೇ ಆ ದೇಶದಲ್ಲಿಯೂ ಬಹುಮಂದಿ. ಕೊಂಡ ಹೊಸತನದಲ್ಲಿಯೇ ಪಟ ತೆಗೆಯಿಸಿಕೊಳ್ಳುವುದು ಸಹಜವಾದರೂ, ಅವರ ಪಾಲಿನ ಹೊಸ ಬಂಡಿ ಲೋಕದ ಪಾಲಿಗೆ ಹಳೆಯದಾಗಿದ್ದಿರಬಹುದು.

ಉತ್ತರಾವಧಿಯನ್ನು ಬಂಡಿಯೇ ತಿಳಿಸುವ ಸಂದರ್ಭ ಅಪೂರ್ವವಾದರೂ ಒಂದುಂಟು. ಅದು ಎರಡನೆಯ ಮಹಾಯುದ್ಧದ ಗುರುತು. 1939ರ ಸೆಪ್ಟೆಂಬರಿನಲ್ಲಿ ಬೆಳಕಿನ ನಿರ್ಬಂಧವು ಜಾರಿಗೆ ಬಂದೊಡನೆ ಮುಂದೀಪಕ್ಕೆ ಸೀಳುಗಳುಳ್ಳ ತಗಡಿನ ಮುಚ್ಚಳವೂ, ಮಡ್‌ಗಾರ್ಡುಗಳ ಮತ್ತು ಕಾಲಿಡುವ ಪಕ್ಕದ ಹಲಗೆಯ ಅಂಚುಗಳಿಗೆ ಬಿಳಿಯ ಬಣ್ಣವೂ ಬಂದವು. ಮುಚ್ಚಳವಿರುವ ಪಟವು ಯುದ್ಧಕಾಲದ್ದು. ಬಿಳಿಯ ಅಂಚು ಮಾತ್ರವಿದ್ದರೆ ಅಷ್ಟು ದೃಢವಾಗಿ ಹೇಳಬಾರದು, ಏಕೆಂದರೆ ಬಣ್ಣವನ್ನು ಕೆರೆಯದೆ ಬಿಟ್ಟವರೂ ಇದ್ದರು. ಪೆಟ್ರೋಲಿನ ಚರಿತ್ರೆಯೂ ಇದಕ್ಕೆ ಪೋಷಕವು. 1939ರಲ್ಲಿ ಆರಂಭವಾದ ಪೆಟ್ರೋಲು ಹಂಚಿಕೆಯಲ್ಲಿ ಸಾಮಾನ್ಯರಿಗೆ ದೊರೆಯುತ್ತಿದ್ದ ಮೂಲಪಾಲು 1942ರ ಜುಲೈಯಿಂದ ನಿಂತುಹೋಗಿ 1945ರ ಜೂನಿನಲ್ಲಿ ಮರಳಿ ಬಂದಿತು. ಹಂಚಿಕೆಯೇ ತೊಲಗಿದ್ದು 1950ರ ಮೇ ತಿಂಗಳಲ್ಲಿ. ಹೀಗಿರಲಾಗಿ ಸಮುದ್ರತೀರದಲ್ಲಿ ಬಂಡಿಯೊಡನೆ ವಿಹರಿಸುತ್ತಿರುವ ಕುಟುಂಬದ ಪಟವನ್ನು 1943ರದೆಂದು ಹೇಳುವವರು ಪೆಟ್ರೋಲು ಎಲ್ಲಿಂದ ಬಂದಿತೆಂಬುದಕ್ಕೆ ಮೊದಲು ಉತ್ತರ ಕೊಡಬೇಕಾಗುತ್ತದೆ.

ಪಟವೂ ತಾನೇ ಸಾಕ್ಷಿಯಾಗಬಲ್ಲದು, ಮೋಸವನ್ನೂ ಮಾಡಬಲ್ಲದು. ಅಂಚೆಕಾರ್ಡಿನ ಮೇಲೆ ಮುದ್ರಿಸಿದ ಪಟಕ್ಕೆ ಅರ್ಧ ಪೆನ್ನಿಯ ಅಂಚೆಚೀಟಿ ಹಚ್ಚಿ ದೇಶದೊಳಗೆ ಕಳುಹಿಸಿದ್ದರೆ ಅದು 1918ರ ಜೂನಿಗೆ ಹಿಂದಿನದು, ಏಕೆಂದರೆ ಆಗ ದರವು ಒಂದು ಪೆನ್ನಿಗೇರಿತು. ಬ್ರಿಟನ್ನಿನ ಬಂಡಿಗೆ ಸ್ಟಿಯರಿಂಗು ಬಲಗಡೆಗಿರುವುದು ವಾಡಿಕೆ. ಎಡಗಡೆಗೆ ಕಂಡರೆ ಪರದೇಶದ ಬಂಡಿಯೆಂದು ಹಾರುವುದಕ್ಕೆ ಮುನ್ನ ಪಟವನ್ನು ತಿರುವುಮುರುವಾಗಿ ಮುದ್ರಿಸಿದ್ದಾರೆಯೇ ಎಂದು ಕೋಟಿನ ಗುಂಡಿಗಳನ್ನು ನೋಡಬೇಕು. ಹಳೆಯ ಬಗೆಯ ಫಿಲ್ಮು ಕೆಂಪು ಬಣ್ಣವನ್ನು ಗ್ರಹಿಸುತ್ತಿರಲಿಲ್ಲವಾದ್ದರಿಂದ ಕೆಂಪು ಬಂಡಿಯೂ ಕಪ್ಪಾಗಿ ಕಾಣುತ್ತದೆ. ತಾತನ ಬಂಡಿ ಕೆಂಪಾಗಿತ್ತೆಂದು ಮನೆಯವರು ಹೇಳಿದರೆ ಕಪ್ಪಾದ ಪಟವನ್ನು ತೋರಿಸಿ ಅವರನ್ನು ಸುಳ್ಳರನ್ನಾಗಿ ಮಾಡಬಾರದು.

ಈ ವಿಚಾರದಲ್ಲಿ ಕಠಿನವಾದ ಪ್ರಶ್ನೆಯು ಮನೆಯವರ ಮಾತಿಗೂ ಬಂಡಿಯ ಸಾಕ್ಷ್ಯಕ್ಕೂ ವಿರೋಧ ಬಂದಾಗಿನದು. ಒಂದು ಪಟದ ಬೆನ್ನಿನಲ್ಲಿ, ತಂದೆಯು 1914ರಲ್ಲಿ ಯುದ್ಧಕ್ಕೆ ಹೊರಡುವ ಮುನ್ನ ತೆಗೆಸಿದ್ದೆಂದು ಮಗಳ ಕೈಬರಹವಿದೆಯೆಂದು ಇಟ್ಟುಕೊಳ್ಳೋಣ. ತಂದೆಯು ಆ ಯುದ್ಧದಲ್ಲಿಯೇ ಮಡಿದನು. ಮನೆಯಲ್ಲಿ ಅವನ ಪಟವು ಇದೊಂದೇ. ಅದರಲ್ಲಿ ಒರಗಿ ನಿಂತಿರುವುದು ಆಸ್ಟಿನ್ ಸೆವೆನ್ ಬಂಡಿಗೆ. ಆ ಬಂಡಿಯು 1922ಕ್ಕೆ ಮುನ್ನ ಲೋಕದಲ್ಲಿರಲಿಲ್ಲವಾದ ಕಾರಣ, ನಿಂತಿರುವವನು ಆ ತಂದೆಯಾಗಿರಲಾರನು. ಚಿಕ್ಕಪ್ಪನೋ ಸೋದರಮಾವನೋ ಆಗಿರಬೇಕು. ಶಬ್ದಪ್ರಮಾಣವು ಪ್ರತ್ಯಕ್ಷಕ್ಕೆ ವಿರುದ್ಧವಾದರೆ ನಿಲ್ಲಲಾರದೆಂಬುದು ಸರಿಯೇ. ಆದರೆ ಇದನ್ನು ಹೇಳಿದ ಕ್ಷಣದಲ್ಲಿ ಆ ಮನೆಯವರು ತಮ್ಮ ಹಿರಿಯನ ಮುಖವನ್ನೇ ಎರಡನೆಯ ಸಲ ಕಳೆದುಕೊಂಡಂತಾಗುತ್ತದೆ. ಆದಕಾರಣ ಗುರುತಿಸುವವನ ಹೊಣೆಯು ದೊಡ್ಡದು. ರೇಡಿಯೇಟರು ಪೂರ್ತಿಯಾಗಿ ಕಾಣದೆ ಒಂದು ಮಡ್‌ಗಾರ್ಡಿನ ತುದಿಯಷ್ಟೇ ಕಾಣುತ್ತಿದ್ದರೆ, ಅದು ಇಂಥದೇ ಎಂದು ನುಡಿಯದೆ ಸಂಶಯವನ್ನು ಸಂಶಯವೆಂದೇ ಹೇಳಬೇಕು. ಬೆನ್ನಿನ ಬರಹವನ್ನೂ ಪೂರ್ತಿಯಾಗಿ ತಳ್ಳಿಹಾಕಲಾಗದು. ಅದು ಯಾವಾಗ ಬರೆದದ್ದು, ಯಾವ ಮಸಿಯಲ್ಲಿ ಬರೆದದ್ದು, ಎರಡು ಪಟಗಳ ಬರಹಗಳು ಅದಲುಬದಲಾಗಿವೆಯೇ, ನಿಜವಾದ ತಂದೆಯ ಪಟವು ಅದೇ ಪೆಟ್ಟಿಗೆಯಲ್ಲಿ ಹೆಸರಿಲ್ಲದೆ ಬಿದ್ದಿದೆಯೇ ಎಂದು ನೋಡಬೇಕು. ಬರಹವು ಕಾಲವನ್ನು ತಪ್ಪಾಗಿ ಹೇಳಿದರೂ ಅಂಥ ಒಂದು ಪಟವಿತ್ತೆಂಬುದನ್ನು ಸರಿಯಾಗಿಯೇ ಹೇಳುತ್ತಿರಬಹುದು.

ಬಂಡಿಯ ಪಕ್ಕದಲ್ಲಿ ನಿಂತವರೆಲ್ಲರೂ ಅದರ ಒಡೆಯರೆಂದು ಭಾವಿಸುವುದು ಮತ್ತೊಂದು ಪ್ರಮಾದ. 1920ರ ದಶಕದಲ್ಲಿ ಕೂಲಿಗೆ ದೊರೆಯುತ್ತಿದ್ದ ತೆರೆದ ದೊಡ್ಡ ಬಂಡಿಗಳಲ್ಲಿ ಊರಿನವರೆಲ್ಲ ಸೇರಿ ವಿಹಾರಕ್ಕೆ ಹೋಗಿ ಪಟ ತೆಗೆಯಿಸಿಕೊಳ್ಳುತ್ತಿದ್ದರು. ವೈದ್ಯನ ಬಂಡಿ, ಜಮೀನುದಾರನ ಬಂಡಿ, ದಾರಿಯಲ್ಲಿ ನಿಂತಿದ್ದ ಯಾರದೋ ಬಂಡಿ, ಇವೂ ಪಟದ ಅಂದಕ್ಕೆ ಒದಗುತ್ತಿದ್ದವು. ನೋಂದಣಿ ದಫ್ತರಿನಲ್ಲಿ ಸಿಕ್ಕಿದ ಒಡೆಯನ ಹೆಸರನ್ನು ವಂಶವೃಕ್ಷಕ್ಕೆ ಸೇರಿಸುವ ಮುನ್ನ ಇದನ್ನು ನೆನೆಯತಕ್ಕದ್ದು.

ಭಾರತದಲ್ಲಿ ಇಂಥ ಪಟಗಳನ್ನು ನೋಡುವವರಿಗೆ ಪೂರ್ವಾವಧಿಯ ನ್ಯಾಯವು ಇನ್ನೂ ಹೆಚ್ಚಾಗಿ ಬೇಕಾಗುತ್ತದೆ. 1956ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯು ಅಲ್ಲಿ ಕೆಲವೇ ವರ್ಷಗಳಲ್ಲಿ ಮುಗಿದುಹೋಯಿತು. ಅದೇ ಮೈಕಟ್ಟು ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ಅಂಬಾಸಡರ್ ಎಂಬ ಹೆಸರಿನಿಂದ 2014ರ ವರೆಗೂ ತಯಾರಾಯಿತು. ಇಂಗ್ಲೆಂಡಿನ ಪಟದಲ್ಲಿ ಆ ಮೈಕಟ್ಟು ಹೊಸದಾಗಿ ಹೊಳೆಯುತ್ತಿದ್ದರೆ 1950ರ ದಶಕದ ಕೊನೆಯೆನ್ನಬಹುದು. ಬೆಂಗಳೂರಿನ ಮದುವೆಯೊಂದರ ಪಟದಲ್ಲಿ ಅದೇ ಹೊಳಪು ಕಂಡರೆ ಐವತ್ತು ವರ್ಷಗಳಲ್ಲಿ ಯಾವುದನ್ನಾದರೂ ಹೇಳಬಹುದು. ಅಲ್ಲಿ ನಂಬರು ಹಲಗೆಯ ಮೇಲಿನ ಅಕ್ಷರಗಳನ್ನೂ, ವಧುವಿನ ಸೀರೆಯ ಅಂಚನ್ನೂ, ಹಿಂದಿನ ಗೋಡೆಗೆ ಅಂಟಿಸಿದ ಸಿನಿಮಾ ಕಾಗದವನ್ನೂ ಕೇಳಬೇಕಾಗುತ್ತದೆ.