ಆ ಕೈ ಯಾರದು? – ವಿಪ್ ಮತ್ತು ನಮ್ಮ ಕಾರವಾರ-ಅಂಕೋಲಾ ಕ್ಷೇತ್ರ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಶಾಲಾ ಸಂಸತ್ತಿನಲ್ಲಿ ಒಂದು ಠರಾವು ಬಂತು. ಮೈದಾನ ಇದ್ದದ್ದು ಒಂದೇ. ವಾರಕ್ಕೆ ಎರಡು ದಿನ ಅದನ್ನು ಹುಡುಗಿಯರ ಥ್ರೋಬಾಲ್ ಆಟಕ್ಕೆ ಬಿಡಬೇಕು ಎಂಬುದು ಬೇಡಿಕೆ. ನನಗೆ ಅದು ನ್ಯಾಯ ಎನಿಸಿತ್ತು. ಆದರೆ ನಮ್ಮ ಗುಂಪಿನ ನಾಯಕ ಹಿಂದಿನ ದಿನವೇ, "ಎಲ್ಲರೂ ವಿರುದ್ಧ ಕೈ ಎತ್ತಬೇಕು, ಇಲ್ಲದಿದ್ದರೆ ಕ್ರಿಕೆಟ್ ತಂಡದಲ್ಲಿ ಜಾಗ ಇಲ್ಲ" ಎಂದಿದ್ದ. ನಾನು ಕೈ ಎತ್ತಿದೆ. ಠರಾವು ಬಿದ್ದುಹೋಯಿತು. ಸಮಾಜ ವಿಜ್ಞಾನದ ಮಾಸ್ತರರು ಆಮೇಲೆ ನನ್ನನ್ನು ಕರೆದು, "ತಮ್ಮಾ, ಆ ಕೈ ನಿನ್ನದೋ, ನಿನ್ನ ನಾಯಕನದೋ?" ಎಂದು ಕೇಳಿದರು. ಮರುದಿನ ಕಪ್ಪು ಹಲಗೆಯ ಮೇಲೆ 'ವಿಪ್' ಎಂದು ಬರೆದು ಪಾಠ ಶುರು ಮಾಡಿದರು.

ವಿಪ್ ಎಂದರೆ ಚಾಟಿ. ಇಂಗ್ಲೆಂಡಿನಲ್ಲಿ ನರಿ ಬೇಟೆಗೆ ಹೋಗುವಾಗ ನಾಯಿಗಳು ಚದುರದಂತೆ ಒಟ್ಟುಗೂಡಿಸುವ ಆಳಿನ ಹೆಸರಿನಿಂದ ಈ ಪದ ಅಲ್ಲಿಯ ಪಾರ್ಲಿಮೆಂಟಿಗೆ ಬಂತು. ಕನ್ನಡದಲ್ಲಿ ನಾವು ಸಚೇತಕ ಎನ್ನುತ್ತೇವೆ. ಸದನದಲ್ಲಿ ಮತದಾನವಿದ್ದಾಗ ತನ್ನ ಪಕ್ಷದ ಸದಸ್ಯರು ಹಾಜರಿರುವಂತೆ, ಪಕ್ಷ ಹೇಳಿದಂತೆ ಮತ ಹಾಕುವಂತೆ ನೋಡಿಕೊಳ್ಳುವುದು ಅವರ ಕೆಲಸ. ಅವರು ಹೊರಡಿಸುವ ಲಿಖಿತ ಆದೇಶಕ್ಕೂ ವಿಪ್ ಎಂದೇ ಹೆಸರು. ಆದೇಶದ ಕೆಳಗೆ ಒಂದು ಗೆರೆ ಇದ್ದರೆ ಸೂಚನೆ, ಎರಡಿದ್ದರೆ ಹಾಜರಾಗಲೇಬೇಕು, ಮೂರಿದ್ದರೆ ಹಾಜರಾಗಿ ಪಕ್ಷದ ನಿಲುವಿನಂತೆಯೇ ಮತ ಹಾಕಬೇಕು.

1985ರವರೆಗೆ ನಮ್ಮ ದೇಶದಲ್ಲಿ ಈ ಚಾಟಿಗೆ ಕಾನೂನಿನ ಬಲ ಇರಲಿಲ್ಲ. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಕೆಲವೇ ದಿನಗಳಲ್ಲಿ ಪದೇ ಪದೇ ಪಕ್ಷ ಬದಲಿಸಿದ್ದರಿಂದ 'ಆಯಾರಾಂ ಗಯಾರಾಂ' ಎಂಬ ಮಾತು ಹುಟ್ಟಿತು. ಇಂಥ ಪಕ್ಷಾಂತರ ತಡೆಯಲು 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯ ಮೂಲಕ ಹತ್ತನೇ ಅನುಸೂಚಿ ಸೇರಿತು. ಅದರಂತೆ ಶಾಸಕ ಎರಡು ಕಾರಣಕ್ಕೆ ಸ್ಥಾನ ಕಳೆದುಕೊಳ್ಳಬಹುದು. ಒಂದು, ತಾನಾಗಿ ಪಕ್ಷ ಬಿಟ್ಟರೆ. ಎರಡು, ವಿಪ್ ಮೀರಿ ಮತ ಹಾಕಿದರೆ ಅಥವಾ ಮತದಾನಕ್ಕೆ ಗೈರಾದರೆ. 15 ದಿನಗಳೊಳಗೆ ಪಕ್ಷ ಕ್ಷಮಿಸಿದರೆ ಈ ಎರಡನೆಯ ತಪ್ಪು ಮಾಫಿ.

ಮಾಸ್ತರರ ಈ ಪಾಠ ನಮ್ಮ ಮನೆಬಾಗಿಲಿಗೇ ಬಂದದ್ದು 2008ರಲ್ಲಿ. ಅಲ್ಲಿಯವರೆಗೆ ಪ್ರತ್ಯೇಕವಾಗಿದ್ದ ಅಂಕೋಲಾ ವಿಧಾನಸಭಾ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಇಲ್ಲವಾಗಿ, ಅಂಕೋಲಾ ಕಾರವಾರದ ಜೊತೆ ಸೇರಿತ್ತು. ಹುಬ್ಬಳ್ಳಿಯಲ್ಲಿ ಬಿ.ಇ. ಓದುತ್ತಿದ್ದ ನಾನು ಮೇ ತಿಂಗಳಲ್ಲಿ ಊರಿಗೆ ಬಂದು ಮೊದಲ ಬಾರಿ ಮತ ಹಾಕಿದೆ. ಕಾಂಗ್ರೆಸ್‌ನಿಂದ ಆನಂದ ಅಸ್ನೋಟಿಕರ್ ಗೆದ್ದರು. ರಾಜ್ಯದಲ್ಲಿ 224 ಸ್ಥಾನಗಳ ಪೈಕಿ 110 ಗೆದ್ದ ಬಿಜೆಪಿಗೆ ಬಹುಮತಕ್ಕೆ ಮೂರು ಕಡಿಮೆ ಇತ್ತು. ಕೆಲವೇ ತಿಂಗಳಲ್ಲಿ ಅಸ್ನೋಟಿಕರ್ ಅವರೂ ಸೇರಿ ಕೆಲವು ಶಾಸಕರು ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಡಿಸೆಂಬರ್‌ನಲ್ಲಿ ಎಂಟು ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಅರಬೈಲ್ ಘಟ್ಟ ಇಳಿದು ನಾನು ಮತ್ತೆ ಬಂದು ಮತ ಹಾಕಿದೆ. ಅವರೇ ಬೇರೆ ಚಿಹ್ನೆಯಲ್ಲಿ ಗೆದ್ದರು, ಸಚಿವರೂ ಆಗಿದ್ದರು. "ವರ್ಷದಲ್ಲಿ ಎರಡು ಸಲ ಬೆರಳಿಗೆ ಶಾಯಿ" ಎಂದು ಅಪ್ಪ ನಕ್ಕಿದ್ದರು.

2010ರ ಅಕ್ಟೋಬರ್ 6ರಂದು ಇನ್ನೊಂದು ತಿರುವು. ಅಸ್ನೋಟಿಕರ್ ಸೇರಿ ಬಿಜೆಪಿಯ ಭಿನ್ನಮತೀಯ ಶಾಸಕರು ಯಡಿಯೂರಪ್ಪ ನೇತೃತ್ವದ ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್ ಪಡೆಯುತ್ತೇವೆಂದು ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರಿಗೆ ಪತ್ರ ಕೊಟ್ಟರು. ವಿಶ್ವಾಸಮತದ ಹಿಂದಿನ ದಿನ, ಅಕ್ಟೋಬರ್ 10ರಂದು, ಸ್ಪೀಕರ್ ಕೆ.ಜಿ. ಬೋಪಯ್ಯ ಬಿಜೆಪಿಯ 11 ಮಂದಿಯನ್ನೂ ಐವರು ಪಕ್ಷೇತರರನ್ನೂ ಅನರ್ಹಗೊಳಿಸಿದರು. ಅಕ್ಟೋಬರ್ 14ರ ಎರಡನೇ ವಿಶ್ವಾಸಮತದಲ್ಲಿ ಸರ್ಕಾರ 106–100ರಿಂದ ಉಳಿಯಿತು.

ಗಮನಿಸಬೇಕಾದದ್ದು ಇಲ್ಲಿದೆ. ಅನರ್ಹತೆಯ ಆದೇಶ ಬಂದಾಗ ಸದನದಲ್ಲಿ ಮತದಾನವೇ ಆಗಿರಲಿಲ್ಲ. ಆದ್ದರಿಂದ ವಿಪ್ ಉಲ್ಲಂಘನೆಯ ಪ್ರಶ್ನೆ ಬರಲಿಲ್ಲ. 'ತಾನಾಗಿ ಪಕ್ಷ ಬಿಟ್ಟರು' ಎಂಬ ಮೊದಲನೇ ಕಾರಣವನ್ನೇ ಹಿಡಿಯಲಾಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಮುಖ್ಯಮಂತ್ರಿಯ ಮೇಲೆ ವಿಶ್ವಾಸವಿಲ್ಲ ಎನ್ನುವುದು ಪಕ್ಷ ಬಿಟ್ಟಂತಲ್ಲ, ಉತ್ತರ ಕೊಡಲು ಸಾಕಷ್ಟು ಸಮಯವನ್ನೂ ಕೊಡದೆ ಅವಸರ ಮಾಡಲಾಗಿದೆ ಎಂಬುದು ತೀರ್ಪಿನ ಸಾರ. ಅಲ್ಲಿಯವರೆಗೆ ಏಳು ತಿಂಗಳು ಕಾರವಾರ-ಅಂಕೋಲಾದ ಮತದಾರರಿಗೆ ವಿಧಾನಸಭೆಯಲ್ಲಿ ದನಿಯೇ ಇರಲಿಲ್ಲ.

2019ರಲ್ಲಿ ಪಕ್ಕದ ಯಲ್ಲಾಪುರದ ಸರದಿ. ಅಲ್ಲಿಯ ಶಾಸಕ ಶಿವರಾಮ ಹೆಬ್ಬಾರ್ ರಾಜೀನಾಮೆ ಕೊಟ್ಟವರಲ್ಲಿ ಒಬ್ಬರು. ರಾಜೀನಾಮೆ ಕೊಟ್ಟ 15 ಶಾಸಕರನ್ನು ಸದನಕ್ಕೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಜುಲೈ 17ರಂದು ಸುಪ್ರೀಂ ಕೋರ್ಟ್ ಹೇಳಿದಾಗ, ಹಾಗಾದರೆ ವಿಪ್‌ಗೆ ಏನು ಬೆಲೆ ಎಂಬ ಪ್ರಶ್ನೆ ಎದ್ದಿತು. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಿಂದ ಬಿತ್ತು. 17 ಶಾಸಕರು ಅನರ್ಹರಾದರು. ಆ ಅನರ್ಹತೆಯನ್ನು ಕೋರ್ಟ್ ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರ್‌ನಲ್ಲಿ ಹೆಬ್ಬಾರ್ ಬೇರೆ ಪಕ್ಷದಿಂದ ಗೆದ್ದು ಬಂದರು.

ಸಾಫ್ಟ್‌ವೇರ್ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ಒಂದು ಬಾಗಿಲು ಭದ್ರ ಮಾಡಿದರೆ ಜನ ಕಿಟಕಿ ಹುಡುಕುತ್ತಾರೆ. ವಿಪ್ ಮೀರಿದರೆ ಶಿಕ್ಷೆ ಎಂದಾಗ ರಾಜೀನಾಮೆಯೇ ಕಿಟಕಿಯಾಯಿತು. ಇತ್ತ ಪಕ್ಷದಲ್ಲೇ ಉಳಿದ ಪ್ರಾಮಾಣಿಕ ಶಾಸಕ, ತನ್ನ ಊರಿಗೆ ಒಳ್ಳೆಯದಲ್ಲದ ಮಸೂದೆಗೂ ಸುಮ್ಮನೆ ಕೈ ಎತ್ತಬೇಕಾಯಿತು. ಸರ್ಕಾರದ ಅಳಿವು-ಉಳಿವಿನ ಮತದಾನಕ್ಕೆ, ಬಜೆಟ್‌ನಂಥ ಹಣಕಾಸಿನ ವಿಷಯಕ್ಕೆ ವಿಪ್ ಬೇಕು. ಇಲ್ಲದಿದ್ದರೆ ಯಾವ ಸರ್ಕಾರವೂ ನಿಲ್ಲದು. ಉಳಿದ ವಿಷಯಗಳಲ್ಲಿ ಶಾಸಕರಿಗೆ ಸ್ವಾತಂತ್ರ್ಯ ಇರಲಿ. 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಕಾನೂನು ಮಾತ್ರ ಬದಲಾಗಿಲ್ಲ.

ಶಾಸಕ ಯಾವ ಪಕ್ಷದವನು ಎಂದು ಕಾನೂನು ಕೇಳುತ್ತದೆ. ಯಾವ ಊರಿನವನು ಎಂದು ಕೇಳಬೇಕಾದವರು ನಾವು, ಮತದಾರರು. ಈಗ ಶಾಲಾ ಸಂಸತ್ತಿನಲ್ಲಿ ಕೂರುವ ನನ್ನ ತಮ್ಮ ತಂಗಿಯರಿಗೆ ಒಂದು ಮಾತು: ಗುಂಪಿನ ಜೊತೆ ಇರಿ, ಆದರೆ ಕೈ ಎತ್ತುವ ಮೊದಲು ಅದು ಯಾರ ಕೈ ಎಂದು ಒಮ್ಮೆ ಕೇಳಿಕೊಳ್ಳಿ. ನಾನು ಅಂದು ಮಾಸ್ತರರಿಗೆ ಉತ್ತರ ಕೊಡದೆ ತಲೆ ತಗ್ಗಿಸಿ ನಿಂತಿದ್ದೆ. ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಈಗ ಹೇಳುತ್ತಿದ್ದೇನೆ: ಸರ್, ಆ ಕೈ ನನ್ನದಾಗಿರಲಿಲ್ಲ.