ಕಪ್ಪುಕುಳಿಯ ಅನುರಣನ: ಮುಂದಿನ ತಲೆಮಾರಿನ ಗುರುತ್ವ ಅಲೆ ಶೋಧಕಗಳಿಗೊಂದು ನಿಕಷ

ಮುಂದಿನ ತಲೆಮಾರಿನ ಗುರುತ್ವ ಅಲೆ ಶೋಧಕಗಳ ಪರವಾಗಿ ಹೆಚ್ಚಾಗಿ ಕೇಳಿಬರುವುದು ಸಂಖ್ಯೆಯ ವಾದ: ಸಂವೇದನೆ ಹತ್ತು ಪಟ್ಟಾದರೆ ಅಷ್ಟೇ ಪಟ್ಟು ದೂರ ಎಟುಕುತ್ತದೆ, ಘಟನೆಗಳೂ ಹೆಚ್ಚು ಸಿಗುತ್ತವೆ. ಒಂದೇ ಘಟನೆಯ ಕೊನೆಯ ಕೆಲವು ಮಿಲಿಸೆಕೆಂಡುಗಳನ್ನು ಎಷ್ಟು ನಿಖರವಾಗಿ ಓದಬಹುದು ಎಂಬುದೇ ಅದಕ್ಕಿಂತ ಗಟ್ಟಿಯಾದ ನಿಕಷ ಎಂದು ಈ ಲೇಖನ ವಾದಿಸುತ್ತದೆ.

ಬೆಂಗಳೂರು ಮೂಲದ ಸಿ. ವಿ. ವಿಶ್ವೇಶ್ವರ ಅವರು 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕಾಚಾರ ಇದಕ್ಕೆ ತಳಹದಿ. ಕಲಕಿದ ಕಪ್ಪುಕುಳಿ, ಬಡಿದ ಗಂಟೆಯಂತೆ, ತನ್ನದೇ ಸ್ವರಗಳಲ್ಲಿ ಅನುರಣಿಸಿ ಬೇಗ ತಣಿಯುತ್ತದೆ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಆ ಸ್ವರಗಳ ಆವೃತ್ತಿಯನ್ನೂ ತಣಿಯುವ ಅವಧಿಯನ್ನೂ ನಿರ್ಧರಿಸುವುದು ಕುಳಿಯ ದ್ರವ್ಯರಾಶಿ ಮತ್ತು ಭ್ರಮಣೆ ಮಾತ್ರ.

2015ರ ಸೆಪ್ಟೆಂಬರ್ 14ರಂದು ಸಿಕ್ಕ ಮೊದಲ ಸಂಕೇತಕ್ಕೆ ಸಿದ್ಧಾಂತ ಸೂಚಿಸುವ ಮುಖ್ಯ ಸ್ವರ ಸುಮಾರು 251 ಹರ್ಟ್ಸ್, ತಣಿಯುವ ಅವಧಿ 4 ಮಿಲಿಸೆಕೆಂಡು. ಒಂದು ಸ್ವರ ಕೊಡುವುದು ಎರಡು ಅಂಕಿ, ತಿಳಿಯಬೇಕಾದದ್ದೂ ಎರಡೇ. ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಎರಡನೆಯ ಸ್ವರ ಕೇಳಿದಾಗ ಮಾತ್ರ ಸಿದ್ಧಾಂತ ಕಟಕಟೆಗೆ ಬರುತ್ತದೆ. ಮೊದಲ ಸಂಕೇತದ ಪ್ರಬಲತೆ ಗದ್ದಲದ 24 ಪಟ್ಟು. 2025ರ ಜನವರಿ 14ರದ್ದು ಸುಮಾರು 80 ಪಟ್ಟು. ಅದರಲ್ಲಿ ಎರಡು ಸ್ವರಗಳನ್ನು ಗುರುತಿಸಲಾಯಿತು.

ಯುರೋಪಿನ 'ಐನ್‌ಸ್ಟೈನ್ ಟೆಲಿಸ್ಕೋಪ್', ಅಮೆರಿಕದ 'ಕಾಸ್ಮಿಕ್ ಎಕ್ಸ್‌ಪ್ಲೋರರ್' ಎರಡೂ ಇನ್ನೂ ಯೋಜನೆಯ ಹಂತದಲ್ಲಿವೆ. ಇಂದಿನ ಶೋಧಕವಾದ ಲೈಗೊದ 4 ಕಿಲೋಮೀಟರ್ ಭುಜದ ಎದುರು ಎರಡನೆಯದರ ಭುಜ 40 ಕಿಲೋಮೀಟರ್. ಸಂವೇದನೆ ಹತ್ತು ಪಟ್ಟಾದರೆ ಆ ಮೊದಲ ಸಂಕೇತವೇ 240ರ ಪ್ರಬಲತೆಯಲ್ಲಿ ಕಾಣಬೇಕು. ಕುಳಿ ಭಾರವಾದಷ್ಟೂ ಸ್ವರ ತಗ್ಗುತ್ತದೆ: ಅಷ್ಟೇ ಭ್ರಮಣೆಯ, ಸಾವಿರ ಸೂರ್ಯರ ತೂಕದ ಕುಳಿಯದು ಸುಮಾರು 17 ಹರ್ಟ್ಸ್. ಇಂದಿನ ಶೋಧಕಗಳಲ್ಲಿ ಇಲ್ಲಿ ಗದ್ದಲವೇ ಮೇಲುಗೈ. ಅದಕ್ಕಾಗಿಯೇ ಐನ್‌ಸ್ಟೈನ್ ಟೆಲಿಸ್ಕೋಪನ್ನು ನೆಲದಡಿ ಕಟ್ಟುವ ಯೋಚನೆ. ಆದರೆ ಹೆಚ್ಚಿನ ಆವೃತ್ತಿಗೆ ಪ್ರಬಲ ಲೇಸರ್ ಬೇಕು, ಅದು ಕನ್ನಡಿಯನ್ನು ಬಿಸಿ ಮಾಡುತ್ತದೆ. ತಗ್ಗಿನ ಆವೃತ್ತಿಗೆ ಕನ್ನಡಿಯನ್ನು 10–20 ಕೆಲ್ವಿನ್‌ಗೆ ತಣಿಸಬೇಕು. ಈ ವಿರೋಧವನ್ನು ಒಂದೇ ಉಪಕರಣದಲ್ಲಿ ನಿಭಾಯಿಸಲಾಗದ ಕಾರಣ ಎರಡಕ್ಕೂ ಬೇರೆ ಬೇರೆ ವ್ಯತಿಕರಣಮಾಪಕಗಳನ್ನು ಅಲ್ಲಿ ಜೋಡಿಸಲಾಗುತ್ತದೆ.

ಉಪಕರಣದಿಂದ ಬಗೆಹರಿಯದ ತೊಡಕೂ ಒಂದಿದೆ. ಎರಡು ಕಪ್ಪುಕುಳಿಗಳ ವಿಲೀನದ ಕೋಲಾಹಲ ಮುಗಿದು ಶುದ್ಧ ಅನುರಣನ ಯಾವ ಕ್ಷಣದಲ್ಲಿ ಶುರುವಾಗುತ್ತದೆಂಬುದು ಇನ್ನೂ ಚರ್ಚೆಯಲ್ಲಿದೆ. ಆ ಕ್ಷಣವನ್ನು ಹಿಂದೆಮುಂದೆ ಮಾಡಿದರೆ ಫಲಿತಾಂಶವೂ ಬದಲಾಗಬಹುದು. ಸಂಕೇತ ಪ್ರಬಲವಾದಷ್ಟೂ ಸೈದ್ಧಾಂತಿಕ ಮಾದರಿಯ ಸಣ್ಣ ತಪ್ಪೂ ಎದ್ದು ಕಾಣುತ್ತದೆ. ಆದ್ದರಿಂದ ಸುರಂಗಕ್ಕೆ ಹಣ ಹೊಂದಿಸುವಷ್ಟೇ ತುರ್ತಾಗಿ ಈ ಲೆಕ್ಕಾಚಾರಗಳೂ ಆಗಬೇಕು. ಅವಿಲ್ಲದೆ ಹೊಸ ಶೋಧಕಗಳು ಐನ್‌ಸ್ಟೈನರ ಸಿದ್ಧಾಂತದ ಬಗ್ಗೆ ತೀರ್ಪು ಕೊಡಲಾರವು.