ಸಪ್ಪೆ ಮದ್ದಿನ ಧರ್ಮಸಂಕಟ

ಯುದ್ಧಗಳ ಚರಿತ್ರೆಯನ್ನು ಓದುವಾಗ ಸಾವಿರ ಲಕ್ಷಗಳ ಲೆಕ್ಕವನ್ನು ದಾಟಿ ನಾವು ಸುಲಭವಾಗಿ ಮುಂದೆ ಹೋಗಿಬಿಡುತ್ತೇವೆ. ವೈದ್ಯದ ಚರಿತ್ರೆಯಲ್ಲಿ ಬರುವ ಎರಡು ಸಣ್ಣ ಅಂಕಿಗಳನ್ನು ಮಾತ್ರ ನನಗೆ ಹಾಗೆ ದಾಟಲು ಆಗಿಲ್ಲ. ಒಂದು 33, ಇನ್ನೊಂದು 115. ಎರಡೂ ಮಕ್ಕಳ ಲೆಕ್ಕ. 1954ರಲ್ಲಿ ಅಮೆರಿಕದಲ್ಲಿ ಪೋಲಿಯೋ ಲಸಿಕೆಯ ಪರೀಕ್ಷೆ ನಡೆದಾಗ, ನಿಜವಾದ ಲಸಿಕೆ ಪಡೆದ ಸುಮಾರು ಎರಡು ಲಕ್ಷ ಮಕ್ಕಳಲ್ಲಿ 33 ಮಂದಿಗೆ ಅಂಗಗಳ ಸ್ವಾಧೀನ ತಪ್ಪಿಸುವ ಪೋಲಿಯೋ ತಗುಲಿತು. ಲಸಿಕೆಯಂತೆಯೇ ಕಾಣುವ, ಆದರೆ ಲಸಿಕೆಯಲ್ಲದ ದ್ರವವನ್ನು ಚುಚ್ಚಿಸಿಕೊಂಡ ಇನ್ನೆರಡು ಲಕ್ಷ ಮಕ್ಕಳಲ್ಲಿ 115 ಮಂದಿಗೆ ತಗುಲಿತು. ನಡುವಣ ವ್ಯತ್ಯಾಸ 82. ಈ ಎಂಬತ್ತೆರಡು ಮಕ್ಕಳಿಗೆ ವೈದ್ಯರು ಅನ್ಯಾಯ ಮಾಡಿದರೆ?

ಮದ್ದಿನ ವೇಷ ತೊಟ್ಟ ಇಂಥ ಸಪ್ಪೆ ವಸ್ತುವಿಗೆ ವೈದ್ಯರು ಪ್ಲಸೀಬೊ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಮೆಚ್ಚಿಸುವೆನು’ ಎಂದು ಅರ್ಥ. ಹಿಂದೆ ರೋಗಿಯ ಸಮಾಧಾನಕ್ಕೆಂದು ಕೊಡುತ್ತಿದ್ದುದು, ಇಪ್ಪತ್ತನೆಯ ಶತಮಾನದಲ್ಲಿ ಮದ್ದಿನ ನಿಜವಾದ ಗುಣವನ್ನು ಅಳೆಯುವ ಸಾಧನವಾಯಿತು.

1952ನೆಯ ಇಸವಿ ಅಮೆರಿಕಕ್ಕೆ ಕೆಟ್ಟ ವರ್ಷ. ಸುಮಾರು 58,000 ಜನ ಪೋಲಿಯೋಗೆ ತುತ್ತಾದರು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಪಿಟ್ಸ್‌ಬರ್ಗಿನ ಜೋನಾಸ್ ಸಾಕ್ ಆ ಹೊತ್ತಿಗೆ ಲಸಿಕೆಯೊಂದನ್ನು ಸಿದ್ಧಪಡಿಸುತ್ತಿದ್ದರು. ಅದನ್ನು ಪರೀಕ್ಷಿಸುವುದು ಹೇಗೆ? ಎರಡನೆಯ ತರಗತಿಯ ಮಕ್ಕಳಿಗೆ ಲಸಿಕೆ ಹಾಕಿ, ಒಂದನೆಯ ಮತ್ತು ಮೂರನೆಯ ತರಗತಿಯವರೊಡನೆ ಹೋಲಿಸೋಣ ಎಂಬುದು ಮೊದಲ ಯೋಜನೆ. ಸಾಕ್ ಅವರಿಗೆ ಇದೇ ಹಿತವಾಗಿತ್ತು. ಕಾಪಾಡಬಹುದಾದ ಮಗುವಿಗೆ ಬೇಕೆಂದೇ ಸಪ್ಪೆ ನೀರು ಚುಚ್ಚುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ಆ ಸಂಕಟ ನಮಗೂ ಅರ್ಥವಾಗತಕ್ಕದ್ದೇ.

ಆದರೆ ಪರೀಕ್ಷೆಯ ಹೊಣೆ ಹೊತ್ತವರು ಸಾಕ್ ಅವರ ಗುರುಗಳೇ ಆದ ಮಿಚಿಗನ್ ವಿಶ್ವವಿದ್ಯಾಲಯದ ಥಾಮಸ್ ಫ್ರಾನ್ಸಿಸ್. ಪೋಲಿಯೋ ಒಂದು ವರ್ಷ ಉಕ್ಕಿ ಬರುತ್ತದೆ, ಮರುವರ್ಷ ತಾನಾಗಿ ಇಳಿಯುತ್ತದೆ. ಸ್ವಲ್ಪವೇ ಕುಂದಿದ ಕಾಲನ್ನು ನೋಡಿ ಇದು ಪೋಲಿಯೋ ಹೌದೋ ಅಲ್ಲವೋ ಎಂದು ಹೇಳುವುದು ಕಷ್ಟ; ಲಸಿಕೆ ಹಾಕಿದ ಮಗುವೆಂದು ತಿಳಿದಿದ್ದರೆ ವೈದ್ಯನ ತೀರ್ಪು ತನಗರಿವಿಲ್ಲದೆಯೇ ವಾಲುತ್ತದೆ. ಆದುದರಿಂದ ಯಾವ ಸೀಸೆಯಲ್ಲಿ ಏನಿದೆಯೆಂಬುದು ಮಗುವಿಗೂ ತಾಯಿತಂದೆಯರಿಗೂ ವೈದ್ಯನಿಗೂ ತಿಳಿಯಕೂಡದು ಎಂದು ವಾದ ಹುಟ್ಟಿತು. ಕೊನೆಗೆ ಎರಡು ಕ್ರಮಗಳೂ ನಡೆದವು. 11 ರಾಜ್ಯಗಳಲ್ಲಿ ಪ್ಲಸೀಬೊ. ಉಳಿದೆಡೆ ಬರಿಯ ಹೋಲಿಕೆ. ಹೀಗೆ ಎಲ್ಲ ಸೇರಿ ಸುಮಾರು 18 ಲಕ್ಷ ಮಕ್ಕಳು ಪರೀಕ್ಷೆಗೆ ಒಳಗಾದರು.

ಫಲಿತಾಂಶದಲ್ಲಿ ಒಂದು ವಿಚಿತ್ರವಿತ್ತು. ಪ್ಲಸೀಬೊ ನಡೆದ ಪ್ರದೇಶಗಳಲ್ಲಿ ಲಕ್ಷಕ್ಕೆ ಅಂಗ ಸ್ವಾಧೀನ ತಪ್ಪಿದವರು, ಲಸಿಕೆ ಪಡೆದವರಲ್ಲಿ 16, ಸಪ್ಪೆ ಮದ್ದು ಪಡೆದವರಲ್ಲಿ 57. ಆದರೆ ಪರೀಕ್ಷೆಗೆ ಸೇರದೆಯೇ ಉಳಿದ ಮಕ್ಕಳಲ್ಲಿ 36 ಮಾತ್ರ! ಸಪ್ಪೆ ಮದ್ದು ರೋಗ ತಂದಿತೆ? ಇಲ್ಲ. ಪರೀಕ್ಷೆಗೆ ಒಪ್ಪಿದವರಲ್ಲಿ ಅನುಕೂಲಸ್ಥ ಮನೆಗಳವರು ಹೆಚ್ಚು. ಕೊಳಕಿನಲ್ಲಿ ಬೆಳೆದ ಕೂಸಿಗೆ, ತಾಯಿಯಿಂದ ಬಂದ ರಕ್ಷೆ ಇನ್ನೂ ಇರುವಾಗಲೇ ವೈರಸ್ ತಗುಲಿ ನಿರೋಧಶಕ್ತಿ ಬಂದಿರುತ್ತದೆ. ಚೊಕ್ಕಟವಾಗಿ ಬೆಳೆದ ಮಗುವಿಗೆ ಆ ಭಾಗ್ಯವಿಲ್ಲ. ಒಪ್ಪಿದವರನ್ನು ಒಪ್ಪದವರೊಡನೆ ಹೋಲಿಸಿದ್ದರೆ ಲಸಿಕೆಯ ಗುಣ ಅರ್ಧ ಮರೆಯಾಗಿಬಿಡುತ್ತಿತ್ತು. ಸತ್ಯವನ್ನು ಹೊರಗೆ ತಂದುದು ಆ ಸಪ್ಪೆ ಮದ್ದೇ.

1955ರ ಏಪ್ರಿಲ್ 12ರಂದು ಆನ್ ಆರ್ಬರಿನಲ್ಲಿ ಫ್ರಾನ್ಸಿಸ್ ಫಲಿತಾಂಶವನ್ನು ಸಾರಿದರು. ಸಪ್ಪೆ ಮದ್ದು ಪಡೆದಿದ್ದ ಮಕ್ಕಳಿಗೂ ಆ ವರ್ಷ ನಿಜವಾದ ಲಸಿಕೆ ಕೊಡಲು ಏರ್ಪಾಡಾಯಿತು. ನನ್ನ ಮಟ್ಟಿಗೆ ಈ ಪರೀಕ್ಷೆಯ ಧರ್ಮ ನಿಂತಿರುವುದು ಎರಡು ಕಂಬಗಳ ಮೇಲೆ. ಲಸಿಕೆ ಫಲಿಸುವುದೆಂದು 1954ರಲ್ಲಿ ಯಾರಿಗೂ ಖಚಿತವಿರಲಿಲ್ಲ. ಸಾಕ್ ಅವರದು ನಂಬಿಕೆ, ಜ್ಞಾನವಲ್ಲ. ತಿಳಿದ ಮೇಲೆ ಸಲ್ಲಬೇಕಾದವರಿಗೆ ಅದನ್ನು ಸಲ್ಲಿಸಲಾಯಿತು.

ಈ ಕಂಬಗಳಲ್ಲಿ ಒಂದು ಕುಸಿದರೆ ಏನಾಗುತ್ತದೆಂಬುದಕ್ಕೆ ನಾಲ್ಕು ದಶಕಗಳ ತರುವಾಯದ ಒಂದು ನಿದರ್ಶನವಿದೆ. ಎಚ್‌ಐವಿ ಸೋಂಕುಳ್ಳ ಗರ್ಭಿಣಿಗೆ ಜಿಡೊವುಡಿನ್ ಎಂಬ ಔಷಧ ಕೊಟ್ಟರೆ ಕೂಸಿಗೆ ಸೋಂಕು ಹರಡುವುದು ಶೇಕಡಾ 25.5ರಿಂದ 8.3ಕ್ಕೆ ಇಳಿಯುವುದೆಂದು 1994ರಲ್ಲಿ ಅಮೆರಿಕ, ಫ್ರಾನ್ಸುಗಳಲ್ಲಿ ನಡೆದ ಪರೀಕ್ಷೆ ತೋರಿಸಿತ್ತು. ಹೀಗಿದ್ದೂ ಆಫ್ರಿಕದ ಕೆಲವು ದೇಶಗಳಲ್ಲಿ ಮತ್ತು ಥೈಲೆಂಡಿನಲ್ಲಿ, ಅಗ್ಗವಾದ ಅಲ್ಪಾವಧಿಯ ಚಿಕಿತ್ಸೆಯನ್ನು ಪರೀಕ್ಷಿಸುವಾಗ ಕೆಲವು ಗರ್ಭಿಣಿಯರಿಗೆ ಪ್ಲಸೀಬೊ ಕೊಡಲಾಯಿತು. 1997ರಲ್ಲಿ ಪೀಟರ್ ಲೂರಿ, ಸಿಡ್ನಿ ವುಲ್ಫ್ ಎಂಬ ವೈದ್ಯರು ಇದನ್ನು ಬಯಲಿನಲ್ಲಿ ಖಂಡಿಸಿದರು.

ಸಮರ್ಥಕರ ಉತ್ತರವನ್ನೂ ಹೇಳಬೇಕು. ಪೂರ್ಣ ಚಿಕಿತ್ಸೆಯ ವೆಚ್ಚವನ್ನು ಆ ದೇಶಗಳು ಭರಿಸಲಾರವು. ಅಲ್ಲಿನ ಹೆಂಗಸರಿಗೆ ಹೇಗೂ ಏನೂ ದೊರೆಯುತ್ತಿರಲಿಲ್ಲ. ‘ಏನೂ ಇಲ್ಲದ್ದಕ್ಕಿಂತ ಇದು ಮೇಲೆ?’ ಎಂಬ ಪ್ರಶ್ನೆಗೆ ಪ್ಲಸೀಬೊ ಬೇಗ ಉತ್ತರ ಕೊಡುತ್ತದೆ ಎಂದರು ಅವರು. 1998ರ ಫೆಬ್ರವರಿಯಲ್ಲಿ ಥೈಲೆಂಡಿನಿಂದ ಉತ್ತರ ಬಂದಿತು: ಅಲ್ಪಾವಧಿಯ ಚಿಕಿತ್ಸೆಯಿಂದ ಸೋಂಕು ಹರಡುವುದು ಅರ್ಧಕ್ಕಿಳಿಯಿತು. ಆ ಜ್ಞಾನ ಬಡದೇಶಗಳಿಗೆ ಉಪಯೋಗವಾಯಿತೆಂಬುದೂ ನಿಜ.

ಆದರೂ ಈ ವಾದ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ‘ಹೇಗೂ ದೊರೆಯುತ್ತಿರಲಿಲ್ಲ’ ಎಂಬುದು ಬಡತನದ ವರ್ಣನೆಯೇ ಹೊರತು ವೈದ್ಯನ ಕರ್ತವ್ಯದ ಅಳತೆಗೋಲಲ್ಲ. ಔಷಧ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದವನು ಆ ಮನೆಯ ಇಲ್ಲದಿಕೆಯನ್ನು ತನ್ನ ನೆಪ ಮಾಡಿಕೊಳ್ಳಬಹುದೆ? 2000ದಲ್ಲಿ ಪರಿಷ್ಕೃತವಾದ ಹೆಲ್ಸಿಂಕಿ ಘೋಷಣೆಯು, ಹೊಸ ಚಿಕಿತ್ಸೆಯನ್ನು ಇರುವುದರಲ್ಲಿ ಉತ್ತಮವಾದುದರೊಡನೆ ಹೋಲಿಸಬೇಕೆಂದಿತು. 2002ರ ಟಿಪ್ಪಣಿ ಅದನ್ನು ಕೊಂಚ ಸಡಿಲಿಸಿತು. ವಾದ ಇನ್ನೂ ಮುಗಿದಿಲ್ಲ.

ಮತ್ತೆ ಆ ಎಂಬತ್ತೆರಡು ಮಕ್ಕಳ ಮಾತಿಗೆ ಬರುತ್ತೇನೆ. ಅವರಿಗೆ ಅನ್ಯಾಯವಾಯಿತೆನ್ನಲಾರೆ, ಅವರ ಋಣ ತೀರಿತೆಂದೂ ಹೇಳಲಾರೆ. ಅರಿಯದೆ ಕೊಟ್ಟ ಸಪ್ಪೆ ಮದ್ದಿಗೆ ಕ್ಷಮೆಯುಂಟು. ಅರಿತು ಕೊಟ್ಟುದಕ್ಕೆ ಎಲ್ಲಿದೆ?